ಕಿಡಿಯ ಗಳಿಗೆ

ನಮ್ಮ ಚಿಕ್ಕಪ್ಪನವರಲ್ಲಿ 1982ರಲ್ಲಿ ತಯಾರಾದ ಅಂಬಾಸಿಡರ್ ಕಾರೊಂದಿದೆ. ಕೆಲವು ವರ್ಷಗಳ ಹಿಂದೆ, ಬೇಸಗೆಯ ರಜೆಯಲ್ಲಿ, ಸೋಮೇಶ್ವರದಿಂದ ಆಗುಂಬೆಗೆ ಏರುವ ಘಟ್ಟದ ರಸ್ತೆಯಲ್ಲಿ ಆ ಕಾರು ಆರನೆಯ ತಿರುವನ್ನು ದಾಟುವಷ್ಟರಲ್ಲಿ ನೀರು ಕುದಿಸಿಕೊಂಡು ನಿಂತುಬಿಟ್ಟಿತು. ಅದು ಮೊದಲನೆಯ ಸಲವೇನೂ ಆಗಿರಲಿಲ್ಲ. ಆ ವರ್ಷವೇ ರೇಡಿಯೇಟರನ್ನು ಒಮ್ಮೆ ತೊಳೆಸಿ, ಅದರಿಂದ ಗುಣ ಕಾಣದೆ ಹೊಸದನ್ನೇ ಹಾಕಿಸಿ, ಆಮೇಲೆ ನೀರಿನ ಪಂಪನ್ನೂ ಬದಲಿಸಿದ್ದಾಗಿತ್ತು. ಏರಿನಲ್ಲಿ ಕಾರು ಎಳೆಯುತ್ತಿರಲಿಲ್ಲ. ಪೆಟ್ರೋಲನ್ನು ಮಾತ್ರ ಧಾರಾಳವಾಗಿ ಕುಡಿಯುತ್ತಿತ್ತು. "ಎಂಜಿನ್ನಿಗೆ ವಯಸ್ಸಾಯಿತು ಕಣೋ. ಬೋರಿಂಗ್ ಮಾಡಿಸಬೇಕಂತೆ. ಅಷ್ಟು ದುಡ್ಡು ಸುರಿಯುವುದಕ್ಕಿಂತ ಗುಜರಿಗೆ ಕೊಡುವುದೇ ಮೇಲು" ಎಂದು ಚಿಕ್ಕಪ್ಪನವರು ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತು ನಿಟ್ಟುಸಿರಿಟ್ಟರು.

ಎಂಜಿನ್ನಿಗೆ ವಯಸ್ಸಾದದ್ದು ನಿಜ. ಆದರೆ ದೋಷವಿದ್ದುದು ಸಿಲಿಂಡರಿನಲ್ಲೂ ಅಲ್ಲ, ರೇಡಿಯೇಟರಿನಲ್ಲೂ ಅಲ್ಲ. ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ತಡವಾಗಿ ಹಾರುತ್ತಿದ್ದ ಕಿಡಿಯಲ್ಲಿ. ಇಷ್ಟು ಅಲ್ಪ ಕಾಲದ ತಪ್ಪು ರೇಡಿಯೇಟರಿನ ನೀರನ್ನು ಕುದಿಸಬಲ್ಲದೆ ಎಂದು ವಾಚಕರು ಸಂದೇಹಪಡಬಹುದು. ಕುದಿಸಬಲ್ಲದು. ಅದು ಹೇಗೆ, ಕಿಡಿ ಯಾವ ಗಳಿಗೆಯಲ್ಲಿ ಹಾರುವುದು ಯೋಗ್ಯ, ಆ ಗಳಿಗೆಯನ್ನು ನಾವೇ ಗೊತ್ತುಮಾಡುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಈಚಿನ ಕಾರುಗಳಲ್ಲಿ ಈ ಕೆಲಸವನ್ನು ಗಣಕವೇ ಮಾಡುತ್ತದೆ. ಮಾಲೀಕನು ತಿರುಗಿಸಬೇಕಾದ ಬೋಲ್ಟು ಅಲ್ಲಿಲ್ಲ. ಆದರೆ ಹಳೆಯ ಅಂಬಾಸಿಡರು, ಪ್ರೀಮಿಯರ್ ಪದ್ಮಿನಿಗಳಂಥ ಕಾರುಗಳು ಇನ್ನೂ ಅಲ್ಲಲ್ಲಿ ಓಡಾಡುತ್ತಿವೆ. ಅವನ್ನು ಪ್ರೀತಿಯಿಂದ ಕಾಪಾಡಿಕೊಂಡಿರುವವರಿಗೆ ಈ ವಿಷಯ ಉಪಯುಕ್ತ. ಉಳಿದವರಿಗೆ ಇದು ಭೌತವಿಜ್ಞಾನದ ಒಂದು ಸೊಗಸಾದ ಪಾಠ.

ಬೆಂಕಿಗೂ ಹೊತ್ತು ಬೇಕು

ಅಂಬಾಸಿಡರಿನ ಹಳೆಯ ಪೆಟ್ರೋಲ್ ಎಂಜಿನ್ ಇಂಗ್ಲೆಂಡಿನ ಬಿ.ಎಂ.ಸಿ. ಸಂಸ್ಥೆಯ 'ಬಿ' ಶ್ರೇಣಿಗೆ ಸೇರಿದುದು. ನಾಲ್ಕು ಸಿಲಿಂಡರುಗಳು, ಒಂದೊಂದರ ವ್ಯಾಸ ಸುಮಾರು 73 ಮಿಲಿಮೀಟರು, ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ 88.9 ಮಿಲಿಮೀಟರು. ಈ ಅಳತೆಗಳಿಂದ ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರ 1489 ಘನ ಸೆಂಟಿಮೀಟರು ಬರುತ್ತದೆ. ಗಣಿತದಲ್ಲಿ ಆಸಕ್ತಿಯುಳ್ಳವರು ಲೆಕ್ಕ ಹಾಕಿ ನೋಡಬಹುದು. ಇದು ನಾಲ್ಕು ಹೊಡೆತದ ಎಂಜಿನ್. ಮೊದಲ ಹೊಡೆತದಲ್ಲಿ ಪಿಸ್ಟನ್ ಕೆಳಗಿಳಿಯುತ್ತ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಮೇಲೇರುತ್ತ ಅದನ್ನು ಅದುಮುತ್ತದೆ. ಮೂರನೆಯದರಲ್ಲಿ ಉರಿದ ಅನಿಲ ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ನಮಗೆ ದೊರೆಯುವ ಕೆಲಸವೆಲ್ಲ ಈ ಒಂದು ಹೊಡೆತದಲ್ಲೇ. ನಾಲ್ಕನೆಯದರಲ್ಲಿ ಹೊಗೆ ಹೊರಕ್ಕೆ ಹೋಗುತ್ತದೆ. ಪಿಸ್ಟನ್ ಅತಿ ಎತ್ತರದಲ್ಲಿರುವ ಸ್ಥಾನವನ್ನು ಕಾರ್ಖಾನೆಯವರು ಟಿ.ಡಿ.ಸಿ. ಎನ್ನುತ್ತಾರೆ. ನಾವು ಅದನ್ನು ಮೇಲ್ಕೊನೆ ಎಂದು ಕರೆಯೋಣ.

ಮಿಶ್ರಣವನ್ನು ಅದುಮಿ ಮುಗಿಸಿದ ಕ್ಷಣದಲ್ಲಿ, ಎಂದರೆ ಪಿಸ್ಟನ್ ಸರಿಯಾಗಿ ಮೇಲ್ಕೊನೆಯಲ್ಲಿರುವಾಗ, ಕಿಡಿ ಹಾರಿದರೆ ಸರಿ ಎಂದು ಮೊದಲ ನೋಟಕ್ಕೆ ತೋರುತ್ತದೆ. ಸಿಲಿಂಡರಿನೊಳಗೆ ಆಗುವುದು ಸ್ಫೋಟವಾಗಿದ್ದರೆ ಹಾಗೆ ಮಾಡಬಹುದಿತ್ತು. ಅದು ಸ್ಫೋಟವಲ್ಲ. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಹೊತ್ತಿದ ಸಣ್ಣ ಉರಿಯ ಉಂಡೆ ಸುತ್ತಲಿನ ಮಿಶ್ರಣವನ್ನು ಪದರಪದರವಾಗಿ ಹೊತ್ತಿಸುತ್ತ ಮುಂದುವರಿಯುತ್ತದೆ. ಬೇಸಗೆಯ ಗುಡ್ಡದಲ್ಲಿ ಒಣಹುಲ್ಲಿನ ಬೆಂಕಿ ಒಂದಂಚಿನಿಂದ ಇನ್ನೊಂದಂಚಿಗೆ ಹಬ್ಬುವಂತೆ. ಇದಕ್ಕೆ ಕಾಲ ಹಿಡಿಯುತ್ತದೆ. ನೆಂಟರು ಎಲೆಯ ಮುಂದೆ ಕುಳಿತ ಮೇಲೆ ಒಲೆ ಹೊತ್ತಿಸಲು ಹೊರಟ ಗೃಹಿಣಿಯ ಪಾಡೇ ಮೇಲ್ಕೊನೆಯಲ್ಲಿ ಕಿಡಿ ಹಾರಿಸುವ ಎಂಜಿನ್ನಿನ ಪಾಡೂ ಆಗುತ್ತದೆ. ಅನ್ನ ಬೇಯುವ ಹೊತ್ತಿಗೆ ನೆಂಟರು ಎದ್ದು ಹೊರಟಿರುತ್ತಾರೆ.

ಕಾಲವನ್ನು ಡಿಗ್ರಿಯಲ್ಲಿ ಅಳೆಯುವುದನ್ನು ಇಲ್ಲಿ ಕಲಿತುಕೊಳ್ಳಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 50 ಸುತ್ತಾಯಿತು. ಒಂದು ಸುತ್ತಿಗೆ 20 ಮಿಲಿಸೆಕೆಂಡು. ಸುತ್ತಿನಲ್ಲಿ 360 ಡಿಗ್ರಿಗಳಿರುವುದರಿಂದ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ ದಂಡ 18 ಡಿಗ್ರಿ ತಿರುಗಿಬಿಡುತ್ತದೆ. ಈ ವೇಗದಲ್ಲಿ ಮಿಶ್ರಣವೆಲ್ಲ ಉರಿಯಲು ಮೂರು ಮಿಲಿಸೆಕೆಂಡು ಬೇಕೆಂದು ಇಟ್ಟುಕೊಳ್ಳೋಣ. ಅಷ್ಟರಲ್ಲಿ ದಂಡ 54 ಡಿಗ್ರಿ ತಿರುಗಿರುತ್ತದೆ. ಹಾಗಾದರೆ ಉರಿಯನ್ನು ಎಲ್ಲಿ ಆರಂಭಿಸುವುದು ಲಾಭಕರ? ಬಹಳ ಮುಂಚೆ ಆರಂಭಿಸಿದರೆ ಇನ್ನೂ ಮೇಲೇರುತ್ತಿರುವ ಪಿಸ್ಟನ್ನಿನ ತಲೆಯ ಮೇಲೆಯೇ ಒತ್ತಡ ಬೆಳೆದು ಅದನ್ನು ಹಿಂದಕ್ಕೆ ತಳ್ಳುತ್ತದೆ. ನಮ್ಮತ್ತ ಬರುತ್ತಿರುವ ಉಯ್ಯಾಲೆಯನ್ನು ಅರ್ಧದಲ್ಲೇ ತಡೆದು ನೂಕಿದಂತೆ ಅದು. ತಡವಾಗಿ ಆರಂಭಿಸಿದರೆ ಉಯ್ಯಾಲೆ ಆಗಲೇ ದೂರ ಸರಿದಿರುತ್ತದೆ, ನಮ್ಮ ಕೈಗೆ ಅದು ಸಿಕ್ಕುವುದಿಲ್ಲ. ಮೇಲ್ಕೊನೆ ದಾಟಿ ಸುಮಾರು 15 ಡಿಗ್ರಿಯ ಹೊತ್ತಿಗೆ ಒತ್ತಡ ಪರಾಕಾಷ್ಠೆ ಮುಟ್ಟಿದರೆ ಅತ್ಯಧಿಕ ಕೆಲಸ ದೊರೆಯುತ್ತದೆಂದು ಪ್ರಯೋಗಗಳಿಂದ ತಿಳಿದಿದೆ. ಅದಕ್ಕಾಗಿ ಈ ವೇಗದಲ್ಲಿ ಮೇಲ್ಕೊನೆಗೆ 30 ಡಿಗ್ರಿಯಷ್ಟು ಮುಂಚೆಯೇ ಕಿಡಿ ಹಾರಿರಬೇಕು.

ಇಲ್ಲಿ ಒಂದು ಮಾತಿನ ತೊಡಕನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಮೆಕ್ಯಾನಿಕ್ಕುಗಳು 'ಅಡ್ವಾನ್ಸು', 'ರಿಟಾರ್ಡು' ಎನ್ನುವುದನ್ನು ಕನ್ನಡದಲ್ಲಿ ಹೇಳಹೊರಟ ಕೆಲವರು 'ಮುಂದಕ್ಕೆ', 'ಹಿಂದಕ್ಕೆ' ಎಂದುಬಿಡುತ್ತಾರೆ. ಆದರೆ ನಮ್ಮಲ್ಲಿ ಮದುವೆಯನ್ನು ಮುಂದಕ್ಕೆ ಹಾಕಿದರು ಎಂದರೆ ತಡಮಾಡಿದರು ಎಂದೇ ಅರ್ಥ! ಆದ್ದರಿಂದ ಈ ಲೇಖನದಲ್ಲಿ 'ಮುಂಚೆ', 'ತಡ' ಎಂಬ ಎರಡು ಪದಗಳನ್ನಷ್ಟೇ ಬಳಸುತ್ತೇನೆ.

ತಡವಾದ ಕಿಡಿ ನೀರನ್ನು ಕುದಿಸುವುದೇಕೆಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಇಂಥ ಎಂಜಿನ್ನು ಕೆಲಸವನ್ನಾಗಿ ಮಾರ್ಪಡಿಸುವುದು ಸುಮಾರು ಕಾಲು ಭಾಗವನ್ನು ಮಾತ್ರ. ಉಳಿದದ್ದು ಹೊಗೆಯ ಕೊಳವೆಯ ಮೂಲಕವೂ ರೇಡಿಯೇಟರಿನ ಮೂಲಕವೂ ಶಾಖವಾಗಿ ಹೊರಬೀಳುತ್ತದೆ. ಕಿಡಿ ತಡವಾದರೆ ಪಿಸ್ಟನ್ ಕೆಳಗಿಳಿಯುತ್ತಿರುವಾಗಲೂ ಉರಿ ಮುಂದುವರಿಯುತ್ತದೆ. ಅನಿಲ ಹಿಗ್ಗಿ ತಣ್ಣಗಾಗಲು ಅವಕಾಶವಿಲ್ಲದೆ, ಇನ್ನೂ ಕಾದಿರುವಾಗಲೇ ಹೊಗೆಯ ವಾಲ್ವಿನ ಮೂಲಕ ನುಗ್ಗಿ, ಆ ವಾಲ್ವನ್ನೂ ಅದರ ಸುತ್ತಲಿನ ನೀರಿನ ಕವಚವನ್ನೂ ಕಾಯಿಸುತ್ತದೆ. ಕೆಲಸವಾಗಬೇಕಾಗಿದ್ದ ಶಕ್ತಿ ಶಾಖವಾಗಿಯೇ ಉಳಿಯಿತು. ಶಕ್ತಿ ನಷ್ಟವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ನಾವು ತರಗತಿಯಲ್ಲಿ ಬೋಧಿಸುವ ನಿಯಮವೇ ಇದು. ಜೊತೆಗೆ, ಕಾರು ಎಳೆಯುವುದಿಲ್ಲವೆಂದು ಚಾಲಕನು ಆಕ್ಸಿಲರೇಟರನ್ನು ಇನ್ನಷ್ಟು ತುಳಿಯುತ್ತಾನೆ. ಇನ್ನಷ್ಟು ಪೆಟ್ರೋಲು, ಇನ್ನಷ್ಟು ಶಾಖ. ಘಟ್ಟದ ಏರಿನಲ್ಲಿ ಇದು ಅರ್ಧ ಗಂಟೆ ನಡೆದರೆ ಎಷ್ಟು ಹೊಸ ರೇಡಿಯೇಟರಾದರೂ ಸೋಲಲೇಬೇಕು.

ಮುಂಚೆಯಾದರೆ ಅಪಾಯ ಬೇರೆ ಬಗೆಯದು. ಉರಿಯ ಪದರ ಒಂದು ಬದಿಯಿಂದ ಹಬ್ಬುತ್ತಿರುವಾಗ ಇನ್ನೊಂದು ಮೂಲೆಯಲ್ಲಿ ಉಳಿದಿರುವ ಮಿಶ್ರಣ ಅದುಮಲ್ಪಟ್ಟು ಕಾಯುತ್ತದೆ. ಒತ್ತಡ ಮಿತಿಮೀರಿದರೆ ಆ ಮೂಲೆಯ ಮಿಶ್ರಣವೆಲ್ಲ ಉರಿಯನ್ನು ಕಾಯದೆ ತಾನೇ ಒಮ್ಮೆಗೆ ಹೊತ್ತಿಕೊಳ್ಳುತ್ತದೆ. ಡಬ್ಬಿಯಲ್ಲಿ ಗೋಲಿಗಳನ್ನು ಹಾಕಿ ಕುಲುಕಿದಂಥ ಸದ್ದು ಏರಿನಲ್ಲಿ ಕೇಳಿಸುವುದು ಇದರಿಂದಲೇ. ಮೆಕ್ಯಾನಿಕ್ಕುಗಳು ಇದಕ್ಕೆ 'ನಾಕಿಂಗ್' ಎನ್ನುತ್ತಾರೆ. ಈ ಬಡಿತ ಬಹುಕಾಲ ಮುಂದುವರಿದರೆ ಪಿಸ್ಟನ್ನಿನ ತಲೆ ತೂತುಬೀಳುವುದೂ ಉಂಟು. ತಡವಾದ ಕಿಡಿ ಹಣ ತಿನ್ನುತ್ತದೆ. ಬಹಳ ಮುಂಚೆಯಾದ ಕಿಡಿ ಎಂಜಿನ್ನನ್ನೇ ತಿನ್ನುತ್ತದೆ.

ಕಿಡಿ ಹುಟ್ಟುವ ಬಗೆ

ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಪ್ಲಗ್ಗಿನಲ್ಲಿ ನೇರವಾಗಿ ಕಿಡಿ ಹಾರಲಾರದು; ಅದಕ್ಕೆ ಹತ್ತು ಸಾವಿರ ವೋಲ್ಟಿನಷ್ಟಾದರೂ ಬೇಕು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರನು ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಗೆ ರೂಪಿಸಿದ ಏರ್ಪಾಡು, ಹೆಚ್ಚು ಬದಲಾವಣೆಯಿಲ್ಲದೆ, ಮುಂದಿನ ಎಪ್ಪತ್ತು ವರ್ಷಗಳ ಕಾಲ ಲೋಕದ ಕಾರುಗಳನ್ನು ಓಡಿಸಿತು. ಇದರ ಹೃದಯ ಇಗ್ನಿಷನ್ ಕಾಯಿಲ್. ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಕೆಲವು ನೂರು ಸುತ್ತುಗಳು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳು. ದಪ್ಪ ತಂತಿಯಲ್ಲಿ ಮೂರು ನಾಲ್ಕು ಆಂಪಿಯರಿನ ಪ್ರವಾಹ ಹರಿಯುವಾಗ ತಿರುಳಿನಲ್ಲಿ ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಆ ಪ್ರವಾಹವನ್ನು ಥಟ್ಟನೆ ಕಡಿದರೆ ಕ್ಷೇತ್ರ ಕುಸಿದು, ಫ್ಯಾರಡೆಯ ನಿಯಮದಂತೆ, ತೆಳು ತಂತಿಯಲ್ಲಿ ಭಾರಿ ವೋಲ್ಟೇಜು ಹುಟ್ಟುತ್ತದೆ.

ಗಮನಿಸಬೇಕಾದುದು ಇದು: ಕಿಡಿ ಹಾರುವುದು ಪ್ರವಾಹವನ್ನು ಕೊಟ್ಟಾಗ ಅಲ್ಲ, ಕಡಿದಾಗ. ಕಡಿಯುವ ಕೆಲಸ ಡಿಸ್ಟ್ರಿಬ್ಯೂಟರಿನೊಳಗಿನ 'ಪಾಯಿಂಟ್' ಎಂಬ ಜೋಡಿ ಸಂಪರ್ಕಗಳದು. ಡಿಸ್ಟ್ರಿಬ್ಯೂಟರಿನ ನಡುದಂಡದ ಮೇಲೆ ನಾಲ್ಕು ಮೂಲೆಯ ಕ್ಯಾಮ್ ಇದೆ. ಒಂದೊಂದು ಮೂಲೆಯೂ ಪಾಯಿಂಟಿನ ತೋಳಿನ ಹಿಮ್ಮಡಿಯನ್ನು ಒತ್ತಿದಾಗ ಸಂಪರ್ಕ ತೆರೆಯುತ್ತದೆ, ಪ್ರವಾಹ ಕಡಿಯುತ್ತದೆ, ಕಿಡಿ ಹಾರುತ್ತದೆ. ಪಾಯಿಂಟಿಗೆ ಜೊತೆಯಾಗಿರುವ ಕಂಡೆನ್ಸರ್, ಸುಮಾರು 0.2 ಮೈಕ್ರೋಫ್ಯಾರಡಿನದು, ಸಂಪರ್ಕ ತೆರೆಯುವಾಗ ಅಲ್ಲೇ ಕಿಡಿ ಹಾರಿ ಶಕ್ತಿ ಪೋಲಾಗುವುದನ್ನು ತಡೆಯುತ್ತದೆ. ದಂಡದ ತಲೆಯ ಮೇಲೆ ತಿರುಗುವ ರೋಟರು ಆ ವೋಲ್ಟೇಜನ್ನು 1, 3, 4, 2 ಎಂಬ ಸರದಿಯಲ್ಲಿ ಸಿಲಿಂಡರುಗಳಿಗೆ ಹಂಚುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ ನೂರು ಕಿಡಿ! ಕಣ್ಣೆವೆ ಒಮ್ಮೆ ಬಡಿಯುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಕಿಡಿಗಳು ಹಾರಿರುತ್ತವೆ.

ಎಂಜಿನ್ನಿನ ವೇಗ ಬದಲಾದಂತೆ ಕಿಡಿಯ ಗಳಿಗೆಯೂ ಬದಲಾಗಬೇಕು. ಕಿಡಿ ಹಾರಿದ ಬಳಿಕ ಉರಿಯ ಮೊದಲ ಉಂಡೆ ಬೇರೂರಲು ಹಿಡಿಯುವ ಕಾಲ ವೇಗವನ್ನು ಅಷ್ಟಾಗಿ ಅವಲಂಬಿಸಿಲ್ಲ. ಅದು ಒಂದು ಮಿಲಿಸೆಕೆಂಡು ಎಂದಾದರೆ, 800 ಸುತ್ತಿನ ಮಂದಗತಿಯಲ್ಲಿ ಅಷ್ಟರಲ್ಲಿ ದಂಡ 5 ಡಿಗ್ರಿಯಷ್ಟೇ ತಿರುಗುತ್ತದೆ. 3000 ಸುತ್ತಿನಲ್ಲಿ 18 ಡಿಗ್ರಿ. ಆಮೇಲಿನ ಹಬ್ಬುವಿಕೆ ಮಾತ್ರ ವೇಗದೊಡನೆ ತಾನೂ ಚುರುಕಾಗುತ್ತದೆ. ಏಕೆಂದರೆ ವೇಗ ಹೆಚ್ಚಿದಂತೆ ಒಳನುಗ್ಗುವ ಮಿಶ್ರಣದ ಸುಳಿಗಳೂ ಹೆಚ್ಚಿ ಉರಿಯನ್ನು ಹರಡುತ್ತವೆ. ಈ ಅನುಕೂಲವಿಲ್ಲದಿದ್ದರೆ ವೇಗದ ಎಂಜಿನ್ನುಗಳೇ ಸಾಧ್ಯವಾಗುತ್ತಿರಲಿಲ್ಲ.

1908ರಿಂದ 1927ರ ವರೆಗೆ ತಯಾರಾದ ಫೋರ್ಡ್ 'ಟಿ' ಕಾರಿನಲ್ಲಿ ಕಿಡಿಯನ್ನು ಮುಂಚೆ ಅಥವಾ ತಡ ಮಾಡಲು ಚಾಲಕನ ಕೈಗೆ ಒಂದು ಸನ್ನೆಕೋಲನ್ನೇ ಕೊಟ್ಟಿದ್ದರು. ಹ್ಯಾಂಡಲ್ ತಿರುಗಿಸಿ ಎಂಜಿನ್ ಹೊರಡಿಸುವ ಮುನ್ನ ಅದನ್ನು ತಡದ ಕಡೆಗೆ ಸರಿಸಬೇಕು. ಮರೆತರೆ ಮುಂಚೆ ಹಾರಿದ ಕಿಡಿ ಪಿಸ್ಟನ್ನನ್ನು ಹಿಮ್ಮುಖವಾಗಿ ಒದ್ದು, ಹ್ಯಾಂಡಲ್ ತಿರುಗಿಬಿದ್ದು, ಮಣಿಕಟ್ಟು ಮುರಿಯುತ್ತಿತ್ತು. ಮುಂದೆ ಈ ಕೆಲಸ ಡಿಸ್ಟ್ರಿಬ್ಯೂಟರಿನ ಒಳಕ್ಕೆ ಹೋಯಿತು. ವೇಗ ಹೆಚ್ಚಿದಂತೆ ಎರಡು ಪುಟ್ಟ ತೂಕಗಳು ಸ್ಪ್ರಿಂಗುಗಳನ್ನು ಹಿಗ್ಗಿಸಿ ಹೊರಕ್ಕೆ ಚಾಚಿಕೊಂಡು ಕ್ಯಾಮನ್ನು ಅದು ತಿರುಗುವ ದಿಕ್ಕಿನಲ್ಲೇ ತುಸು ಮುಂದೂಡುತ್ತವೆ. ಇನ್ನೊಂದೆಡೆ, ಕಾರ್ಬೊರೇಟರಿನಿಂದ ಬರುವ ಸಣ್ಣ ಕೊಳವೆಯ ನಿರ್ವಾತ ಒಂದು ಪೊರೆಯನ್ನು ಎಳೆದು, ಆಕ್ಸಿಲರೇಟರನ್ನು ಹಗುರವಾಗಿ ತುಳಿದಿರುವಾಗ ಕಿಡಿಯನ್ನು ಇನ್ನೂ ಸ್ವಲ್ಪ ಮುಂಚೆ ಮಾಡುತ್ತದೆ. ಸಿಲಿಂಡರಿನಲ್ಲಿ ಮಿಶ್ರಣ ವಿರಳವಾಗಿರುವಾಗ ಉರಿ ನಿಧಾನವಾಗಿ ಹಬ್ಬುವುದೇ ಇದಕ್ಕೆ ಕಾರಣ. ನಮಗೆ ಉಳಿದಿರುವುದು ಆರಂಭದ ಬಿಂದುವನ್ನು ಗೊತ್ತುಮಾಡುವ ಕೆಲಸ. ಅದು ತಪ್ಪಿದರೆ ಅದರ ಮೇಲೆ ಕೂಡಿಸಿದ್ದೆಲ್ಲವೂ ತಪ್ಪುತ್ತದೆ.

ಗಳಿಗೆಯನ್ನು ಗೊತ್ತುಮಾಡುವ ಕ್ರಮ

ಮೊದಲು ಪಾಯಿಂಟಿನ ಅಂತರ, ಆಮೇಲೆ ಟೈಮಿಂಗು. ಈ ಅನುಕ್ರಮವನ್ನು ತಿರುವುಮುರುವು ಮಾಡಿದವರು ಕೆಲಸವನ್ನು ಎರಡು ಬಾರಿ ಮಾಡಬೇಕಾಗುತ್ತದೆ. ಕ್ಯಾಮಿನ ಮೂಲೆ ಹಿಮ್ಮಡಿಯನ್ನು ಪೂರ್ತಿಯಾಗಿ ಎತ್ತಿರುವಾಗ ಸಂಪರ್ಕಗಳ ನಡುವೆ 0.35ರಿಂದ 0.40 ಮಿಲಿಮೀಟರು ಅಂತರವಿರಬೇಕು. ಹಳೆಯ ಅಳತೆಯಲ್ಲಿ ಇಂಚಿನ ಸಾವಿರದಲ್ಲಿ 14ರಿಂದ 16 ಭಾಗ. ಫೀಲರ್ ಗೇಜಿನ ಹಾಳೆ ತುಸು ಹಿಡಿದಂತಾಗಿ ಜಾರಬೇಕು. ಅಂತರ ಕಡಿಮೆಯಾದರೆ ಕ್ಯಾಮಿನ ಮೂಲೆ ಹೆಚ್ಚು ಮೇಲೆ ಬಂದ ಮೇಲಷ್ಟೇ ಸಂಪರ್ಕ ತೆರೆಯುತ್ತದೆ, ಕಿಡಿ ತಡವಾಗುತ್ತದೆ. ಅಂತರ ಹೆಚ್ಚಾದರೆ ಕಿಡಿ ಮುಂಚೆಯಾಗುತ್ತದೆ. ಪಾಯಿಂಟಿನ ಹಿಮ್ಮಡಿ ಉಜ್ಜಿ ಸವೆಯುವ ವಸ್ತುವಿನಿಂದ ಮಾಡಿದ್ದು. ಅದು ಸವೆದಂತೆಲ್ಲ ಅಂತರ ಕಿರಿದಾಗಿ, ಯಾರ ಗಮನಕ್ಕೂ ಬಾರದಂತೆ, ತಿಂಗಳುಗಟ್ಟಲೆ ಕಾಲದಲ್ಲಿ ಕಿಡಿ ತಡವಾಗುತ್ತ ಹೋಗುತ್ತದೆ. ಚಿಕ್ಕಪ್ಪನವರ ಕಾರಿನಲ್ಲಿ ನಾನು ಅಳೆದಾಗ ಅಂತರ 0.2 ಮಿಲಿಮೀಟರು ಮಾತ್ರ ಇತ್ತು. ಕ್ಯಾಮಿಗೆ ಹಚ್ಚಬೇಕಾದ ಗ್ರೀಸು ಒಣಗಿಹೋಗಿತ್ತು.

ಎರಡನೆಯದಾಗಿ ಒಂದನೆಯ ಸಿಲಿಂಡರಿನ ಮೇಲ್ಕೊನೆಯನ್ನು ಕಂಡುಹಿಡಿಯಬೇಕು. ಪಿಸ್ಟನ್ ಎರಡು ಸುತ್ತಿನಲ್ಲಿ ಎರಡು ಸಲ ಮೇಲೆ ಬರುತ್ತದೆ. ನಮಗೆ ಬೇಕಾದುದು ಮಿಶ್ರಣವನ್ನು ಅದುಮುವ ಸಲದ್ದು. ಒಂದನೆಯ ಪ್ಲಗ್ಗನ್ನು ಬಿಚ್ಚಿ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸಿದರೆ, ಅದುಮುವ ಹೊಡೆತದಲ್ಲಿ ಗಾಳಿ ಬೆರಳನ್ನು ನೂಕುತ್ತದೆ. ಇನ್ನುಳಿದ ಪ್ಲಗ್ಗುಗಳನ್ನೂ ಬಿಚ್ಚಿದರೆ ತಿರುಗಿಸುವುದು ಸುಲಭ. ಹ್ಯಾಂಡಲ್ ಇಲ್ಲದವರು ಸಮತಟ್ಟಾದ ನೆಲದಲ್ಲಿ ನಾಲ್ಕನೆಯ ಗೇರಿನಲ್ಲಿಟ್ಟು ಕಾರನ್ನು ಮೆಲ್ಲನೆ ತಳ್ಳಬಹುದು. ಕ್ರ್ಯಾಂಕ್ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು ಇದೆ. ಅದರ ಎದುರಿಗೆ ಎಂಜಿನ್ನಿನ ಮುಚ್ಚಳದ ಮೇಲೆ ಹಲ್ಲಿನಂಥ ಮೊನೆಗಳಿವೆ. ಉದ್ದನೆಯ ಮೊನೆ ಮೇಲ್ಕೊನೆಯನ್ನೂ ಉಳಿದವು ಅದಕ್ಕೆ ಮುಂಚಿನ ಡಿಗ್ರಿಗಳನ್ನೂ ಸೂಚಿಸುತ್ತವೆ.

ಪುಲ್ಲಿ ಬದಲಾಗಿದ್ದು ಗುರುತಿನ ಮೇಲೆ ನಂಬಿಕೆಯಿಲ್ಲದಿದ್ದರೆ? ಪ್ಲಗ್ಗಿನ ರಂಧ್ರದಲ್ಲಿ ಕಡ್ಡಿ ಇಳಿಸಿ 'ಇದೇ ಅತಿ ಎತ್ತರ' ಎಂದು ನಿರ್ಧರಿಸುವವರಿದ್ದಾರೆ. ಇದು ಸರಿಯಾದ ಕ್ರಮವಲ್ಲ. ಮೇಲ್ಕೊನೆಯ ಬಳಿ ಪಿಸ್ಟನ್ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಈ ಎಂಜಿನ್ನಿನಲ್ಲಿ ದಂಡ ಮೇಲ್ಕೊನೆಯಿಂದ 5 ಡಿಗ್ರಿ ತಿರುಗಿದರೆ ಪಿಸ್ಟನ್ ಇಳಿಯುವುದು ಕಾಲು ಮಿಲಿಮೀಟರಿಗೂ ಕಡಿಮೆ. ಕಡ್ಡಿಯ ಮೇಲೆ ಅದು ಯಾರ ಕಣ್ಣಿಗೂ ಕಾಣದು. ಒಳ್ಳೆಯ ಉಪಾಯ ಬೇರೆ ಇದೆ. ಹಳೆಯ ಪ್ಲಗ್ಗೊಂದರ ಪಿಂಗಾಣಿಯನ್ನು ತೆಗೆದು ಅದರಲ್ಲಿ ಬೋಲ್ಟನ್ನು ಬಿಗಿದು, ಪಿಸ್ಟನ್ ಪೂರ್ತಿ ಮೇಲೆ ಬಾರದಂತೆ ತಡೆಯಾಗಿ ಕೂರಿಸಿ. ಎಂಜಿನ್ನನ್ನು ಕೈಯಿಂದ ಮೆಲ್ಲನೆ ಒಂದು ದಿಕ್ಕಿನಲ್ಲಿ ತಡೆ ಮುಟ್ಟುವ ವರೆಗೆ ತಿರುಗಿಸಿ, ಉದ್ದನೆಯ ಮೊನೆಯ ಎದುರಿಗೆ ಪುಲ್ಲಿಯ ಮೇಲೆ ಗುರುತು ಹಾಕಿ. ಇನ್ನೊಂದು ದಿಕ್ಕಿನಲ್ಲಿ ತಿರುಗಿಸಿ ಮತ್ತೆ ಗುರುತು ಹಾಕಿ. ಎರಡರ ನಟ್ಟನಡುವೆ ಇರುವುದೇ ಮೇಲ್ಕೊನೆ. ನಿಧಾನವಾಗಿ ಬದಲಾಗುವ ಸ್ಥಳದಲ್ಲಿ ನೇರವಾಗಿ ಅಳೆಯದೆ, ವೇಗವಾಗಿ ಬದಲಾಗುವ ಎರಡು ಸ್ಥಳಗಳಲ್ಲಿ ಅಳೆದು ಮಧ್ಯವನ್ನು ತೆಗೆದುಕೊಳ್ಳುವ ಈ ಯುಕ್ತಿಯನ್ನು ನಾವು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಎಷ್ಟೋ ಸಂದರ್ಭಗಳಲ್ಲಿ ಕಲಿಸುತ್ತೇವೆ. ಕೆಲಸವಾದ ಮೇಲೆ ತಡೆಯನ್ನು ತೆಗೆಯಲು ಮಾತ್ರ ಮರೆಯಬಾರದು.

ಮೂರನೆಯದಾಗಿ ಪುಲ್ಲಿಯ ಕಚ್ಚನ್ನು ನಿಮ್ಮ ಕಾರಿನ ಕೈಪಿಡಿ ಹೇಳುವ ಡಿಗ್ರಿಗೆ ತಂದು ನಿಲ್ಲಿಸಬೇಕು. ಬೇರೆ ಕಾರಿನ ಅಂಕಿಯನ್ನು ಇಲ್ಲಿ ಬಳಸಕೂಡದು. ಅಲ್ಲದೆ ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲೇ ಆ ಸ್ಥಾನಕ್ಕೆ ಬರಬೇಕು. ದಾಟಿಹೋದರೆ ಸ್ವಲ್ಪ ಹೆಚ್ಚಾಗಿಯೇ ಹಿಂದಕ್ಕೆ ಹೋಗಿ ಪುನಃ ಮುಂದೆ ಬನ್ನಿ. ಚೈನು ಮತ್ತು ಹಲ್ಲುಚಕ್ರಗಳ ಸಡಿಲಿಕೆ ಇಲ್ಲದಿದ್ದರೆ ಲೆಕ್ಕವನ್ನು ಕೆಡಿಸುತ್ತದೆ. ರೋಟರು ಈಗ ಒಂದನೆಯ ಪ್ಲಗ್ಗಿನ ತಂತಿಯ ಕಡೆಗೆ ಮುಖಮಾಡಿರುತ್ತದೆ. ನಾಲ್ಕನೆಯದಕ್ಕೆ ಮುಖಮಾಡಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಬೇಕು.

ಇನ್ನು ದೀಪದ ಪರೀಕ್ಷೆ. ಹನ್ನೆರಡು ವೋಲ್ಟಿನ ಸಣ್ಣ ಬಲ್ಬಿನ ಒಂದು ತಂತಿಯನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತೆಳು ತಂತಿಯ ತುದಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಸೇರಿಸಿ. ಕಾಯಿಲಿನ ನಡುವಿನ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರಿನಿಂದ ಕಿತ್ತು ಲೋಹಕ್ಕೆ ತಾಗಿಸಿಡಿ; ತೆರೆದ ಪ್ಲಗ್ ರಂಧ್ರಗಳ ಹತ್ತಿರ ಪೆಟ್ರೋಲಿನ ಆವಿಯಿರುವುದರಿಂದ ಈ ಎಚ್ಚರಿಕೆ ಅವಶ್ಯ. ಇಗ್ನಿಷನ್ ಕೀಲಿಯನ್ನು ತಿರುಗಿಸಿದಾಗ, ಪಾಯಿಂಟ್ ಮುಚ್ಚಿದ್ದರೆ ಪ್ರವಾಹ ಅದರ ಮೂಲಕವೇ ಲೋಹಕ್ಕೆ ಹರಿಯುವುದರಿಂದ ದೀಪ ಉರಿಯದು. ತೆರೆದೊಡನೆ ಪ್ರವಾಹಕ್ಕೆ ಬಲ್ಬೊಂದೇ ದಾರಿಯಾಗಿ ದೀಪ ಬೆಳಗುತ್ತದೆ. ಡಿಸ್ಟ್ರಿಬ್ಯೂಟರಿನ ಕೆಳಗಿನ ಹಿಡಿಬೋಲ್ಟನ್ನು ಸಡಿಲಿಸಿ, ಅದರ ಮೈಯನ್ನು ಮೊದಲು ರೋಟರು ತಿರುಗುವ ದಿಕ್ಕಿಗೆ ತುಸು ತಿರುಗಿಸಿ, ದೀಪ ಆರುತ್ತದೆ. ಬಳಿಕ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತ ಬನ್ನಿ. ದೀಪ ಮೂಡಿದ ಕ್ಷಣದಲ್ಲಿ ನಿಲ್ಲಿಸಿ ಬೋಲ್ಟನ್ನು ಬಿಗಿಯಿರಿ. ಡಿಸ್ಟ್ರಿಬ್ಯೂಟರು ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಅದರ ಒಂದು ಡಿಗ್ರಿ ಕ್ರ್ಯಾಂಕಿನ ಎರಡು ಡಿಗ್ರಿಗೆ ಸಮ. ಕೈ ಹಗುರವಾಗಿರಬೇಕೆನ್ನುವುದು ಅದಕ್ಕೇ. ಕೆಲವು ಲ್ಯೂಕಸ್ ಡಿಸ್ಟ್ರಿಬ್ಯೂಟರುಗಳಲ್ಲಿ ಸೂಕ್ಷ್ಮ ಹೊಂದಾಣಿಕೆಗೆಂದೇ ಇಂಗ್ಲಿಷಿನ 'ಎ', 'ಆರ್' ಅಕ್ಷರಗಳ ಗುರುತುಳ್ಳ ಪುಟ್ಟ ತಿರುಪಿರುತ್ತದೆ. ಮೊದಲನೆಯದು ಮುಂಚೆ, ಎರಡನೆಯದು ತಡ.

ಬಿಗಿದ ಮೇಲೆ ಎಂಜಿನ್ನನ್ನು ಇನ್ನೆರಡು ಸುತ್ತು ತಿರುಗಿಸಿ, ಕಚ್ಚು ಅದೇ ಮೊನೆಗೆ ಬಂದಾಗಲೇ ದೀಪ ಮೂಡುವುದೇ ಎಂದು ಪರೀಕ್ಷಿಸಬೇಕು. ಚಿಕ್ಕಪ್ಪನವರ ಕಾರಿನಲ್ಲಿ ನಾನು ಯಾವುದನ್ನೂ ಮುಟ್ಟುವ ಮೊದಲೇ ಈ ಪರೀಕ್ಷೆ ಮಾಡಿ ನೋಡಿದ್ದೆ. ದೀಪ ಮೂಡಿದ್ದು ಕಚ್ಚು ಮೇಲ್ಕೊನೆಯ ಮೊನೆಯನ್ನು ದಾಟಿ 8 ಮಿಲಿಮೀಟರು ಹೋದ ಮೇಲೆ. ಪುಲ್ಲಿಯ ಸುತ್ತಳತೆಯನ್ನು ದಾರದಿಂದ ಅಳೆದೆ. ಸುಮಾರು 41 ಸೆಂಟಿಮೀಟರು. ಅದನ್ನು 360ರಿಂದ ಭಾಗಿಸಿದರೆ ಡಿಗ್ರಿಗೆ 1.1 ಮಿಲಿಮೀಟರಿಗೆ ತುಸು ಹೆಚ್ಚು. ಎಂದರೆ ಮೇಲ್ಕೊನೆಗೆ ಮುಂಚೆ ಹಾರಬೇಕಾದ ಕಿಡಿ ಅದು ಕಳೆದು 7 ಡಿಗ್ರಿಗೆ ಹಾರುತ್ತಿತ್ತು! ಪಾಯಿಂಟಿನ ಅಂತರವನ್ನು ಸರಿಪಡಿಸಿದಾಗಲೇ ತಪ್ಪಿನ ಬಹುಭಾಗ ಮಾಯವಾಯಿತು. ಉಳಿದದ್ದು ಸವೆದು ಸಡಿಲವಾಗಿದ್ದ ಟೈಮಿಂಗ್ ಚೈನಿನ ಪಾಲು. ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಅದನ್ನೂ ತುಂಬಿಕೊಟ್ಟೆ.

ಕಿವಿ ಮತ್ತು ಅಳತೆ

ಅನುಭವಸ್ಥ ಮೆಕ್ಯಾನಿಕ್ಕುಗಳು ಇಷ್ಟೆಲ್ಲ ಮಾಡುವುದಿಲ್ಲ. ಎಂಜಿನ್ನನ್ನು ಮಂದಗತಿಯಲ್ಲಿ ಓಡಿಸಿ, ಡಿಸ್ಟ್ರಿಬ್ಯೂಟರನ್ನು ಆಚೆ ಈಚೆ ತಿರುಗಿಸಿ, ಸದ್ದು ಹದವಾದ ಕಡೆ ಬಿಗಿದುಬಿಡುತ್ತಾರೆ. ಆ ಕಿವಿಗೆ ನಾನು ತಲೆಬಾಗುತ್ತೇನೆ. ನಾನು ಕಂಡ ಒಬ್ಬಿಬ್ಬರು ಈ ರೀತಿಯಲ್ಲೇ ಎರಡು ಡಿಗ್ರಿಯ ಒಳಗೆ ತಲುಪಿದ್ದರು. ಆದರೂ ಈ ಪದ್ಧತಿಯಲ್ಲಿ ಒಂದು ಬಲೆ ಇದೆ. ಹೊರೆಯಿಲ್ಲದೆ ಓಡುವ ಎಂಜಿನ್ನಿನಲ್ಲಿ ಮಿಶ್ರಣ ಬಹಳ ವಿರಳ. ಕಿಡಿಯನ್ನು ಮುಂಚೆ ಮಾಡಿದಷ್ಟೂ ಅದು ಚುರುಕಾಗಿ ಓಡುತ್ತದೆ. 'ಹೆಚ್ಚು ಚುರುಕಾದ ಕಡೆ' ಬಿಗಿದರೆ ಹೊರೆ ಹೊತ್ತು ಏರುವಾಗ ಅದೇ ಸ್ಥಾನ ಅತಿಯಾಗಿ ಮುಂಚೆಯಾಗಿ ಬಡಿತ ಶುರುವಾಗುತ್ತದೆ. ಆದಕಾರಣ ಅಳತೆ ಮೊದಲು, ಕಿವಿ ಆಮೇಲೆ. ಟೈಮಿಂಗ್ ಲೈಟ್ ಇದ್ದವರು ನಿರ್ವಾತದ ಕೊಳವೆಯನ್ನು ಬಿಚ್ಚಿ ಬಾಯಿ ಮುಚ್ಚಿ, ಓಡುವ ಎಂಜಿನ್ನಿನ ಪುಲ್ಲಿಗೆ ಆ ಬೆಳಕನ್ನು ಹಾಯಿಸಬಹುದು. ಒಂದನೆಯ ಪ್ಲಗ್ಗಿನ ಕಿಡಿಯೊಡನೆಯೇ ಮಿನುಗುವ ಬೆಳಕಿನಲ್ಲಿ ಕಚ್ಚು ನಿಂತಂತೆ ಕಾಣುತ್ತದೆ. ವೇಗ ಹೆಚ್ಚಿಸಿದರೆ ಅದು ಮುಂಚಿನ ಕಡೆಗೆ ಸರಿಯುತ್ತದೆ. ನಿಂತಲ್ಲಿ ನಿಲ್ಲದೆ ಕಚ್ಚು ನಡುಗಿದರೆ ಡಿಸ್ಟ್ರಿಬ್ಯೂಟರಿನ ದಂಡದ ಬುಷ್ಷು ಸವೆದಿದೆಯೆಂದು ತಿಳಿಯಬೇಕು. ಅಂಥದಕ್ಕೆ ಎಷ್ಟು ಸಲ ಟೈಮಿಂಗ್ ಇಟ್ಟರೂ ವ್ಯರ್ಥ.

ಕಡೆಯ ಪರೀಕ್ಷೆ ರಸ್ತೆಯ ಮೇಲೆ. ಎಂಜಿನ್ ಕಾದ ಮೇಲೆ, ಸಣ್ಣ ಏರಿನಲ್ಲಿ, ನಾಲ್ಕನೆಯ ಗೇರಿನಲ್ಲಿ ಗಂಟೆಗೆ 40 ಕಿಲೋಮೀಟರಿನ ವೇಗದಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಆಲಿಸಬೇಕು. ಗೋಲಿಯ ಸದ್ದು ಕೇಳಿ ನಿಲ್ಲದೆ ಮುಂದುವರಿದರೆ ಒಂದೆರಡು ಡಿಗ್ರಿ ತಡಮಾಡಿ.

ಈ ಸದ್ದಿಗೂ ಪೆಟ್ರೋಲಿಗೂ ಹಳೆಯ ನಂಟಿದೆ. ಕೆಟರಿಂಗನ ವಿದ್ಯುತ್ ಏರ್ಪಾಡು ಬಂದಾಗ ಬಡಿತಕ್ಕೆ ಅದೇ ಕಾರಣವೆಂದು ಜನ ದೂರಿದರಂತೆ. ಆತ ತನ್ನ ಸಹಾಯಕ ಥಾಮಸ್ ಮಿಜ್ಲಿಯನ್ನು ಇದರ ಶೋಧನೆಗೆ ಹಚ್ಚಿದನು. ದೋಷ ಇಂಧನದ ಗುಣದಲ್ಲಿದೆಯೆಂದು ಕಂಡುಕೊಂಡ ಮಿಜ್ಲಿ 1921ರ ಡಿಸೆಂಬರಿನಲ್ಲಿ, ಸೀಸದ ಒಂದು ಸಂಯುಕ್ತವನ್ನು ತೀರ ಸ್ವಲ್ಪ ಬೆರೆಸಿದರೆ ಬಡಿತ ನಿಲ್ಲುತ್ತದೆಂದು ಕಂಡನು. ಬಡಿತವೇನೋ ನಿಂತಿತು, ಆದರೆ ಆ ಸೀಸ ಊರೂರಿನ ಗಾಳಿಯನ್ನು ಸೇರಿ ಮಕ್ಕಳ ರಕ್ತದ ವರೆಗೂ ಹೋಯಿತು. ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲು ನಿಂತಿತು. ಲೋಕದಲ್ಲಿ ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು. ಶೋಧನೆಯಾಗಿ ಹೆಚ್ಚುಕಡಿಮೆ ನೂರು ವರ್ಷಕ್ಕೆ. ನಮ್ಮ ಹಳೆಯ ಕಾರುಗಳ ಕೈಪಿಡಿಗಳು ಬರೆದದ್ದು ಆ ಕಾಲದ ಪೆಟ್ರೋಲಿಗಾಗಿ. ಇಂದು ಬಂಕಿನಲ್ಲಿ ದೊರೆಯುವುದು ಎಥನಾಲ್ ಬೆರೆತ, ಬಡಿತವನ್ನು ಹೆಚ್ಚು ತಡೆಯಬಲ್ಲ ಇಂಧನ. ಆದ್ದರಿಂದ ಕೈಪಿಡಿಯ ಅಂಕಿಯನ್ನು ಆರಂಭದ ಬಿಂದುವಾಗಿ ಇಟ್ಟುಕೊಂಡು, ರಸ್ತೆಯ ಪರೀಕ್ಷೆಯಿಂದ ಒಂದೆರಡು ಡಿಗ್ರಿಯ ಒಳಗೆ ತಿದ್ದಿಕೊಳ್ಳುವುದು ತಪ್ಪಲ್ಲ. ಅದಕ್ಕಿಂತ ಹೆಚ್ಚಿನ ಆಸೆ ಬೇಡ. ವೇಗ ಹೆಚ್ಚಿರುವಾಗ ಗಾಳಿಯ ಮತ್ತು ಚಕ್ರಗಳ ಸದ್ದಿನಲ್ಲಿ ಬಡಿತ ಕಿವಿಗೆ ಬೀಳದೆಯೇ ಹಾನಿ ಮಾಡಬಹುದು.

ಮರುವಾರ ಅದೇ ಕಾರಿನಲ್ಲಿ, ಅದೇ ನಾಲ್ಕು ಜನ, ಅದೇ ಘಟ್ಟವನ್ನು ಏರಿದೆವು. ಆರನೆಯ ತಿರುವು ಬಂದಾಗ ಚಿಕ್ಕಪ್ಪನವರು ಶಾಖದ ಮುಳ್ಳನ್ನೇ ನೋಡುತ್ತಿದ್ದರಲ್ಲದೆ ರಸ್ತೆಯನ್ನು ನೋಡುತ್ತಿರಲಿಲ್ಲ. ಅದಕ್ಕಾಗಿ ಚಿಕ್ಕಮ್ಮನವರಿಂದ ಬೈಸಿಕೊಂಡರು. ಮುಳ್ಳು ನಡುವಿನಿಂದ ತುಸು ಮೇಲೆ ನಿಂತಿತ್ತು. ಆಗುಂಬೆಯಲ್ಲಿ ಬಾನೆಟ್ಟನ್ನು ತೆರೆಯದೆ ಕಾಫಿ ಕುಡಿದೆವು. ಹೊಸದಾಗಿ ಹಾಕಿದ ಪಾಯಿಂಟಿನ ಹಿಮ್ಮಡಿ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಬೇಗ ಸವೆದು ಕೂರುವುದರಿಂದ ದಸರೆಯ ರಜೆಯಲ್ಲಿ ಮತ್ತೊಮ್ಮೆ ದೀಪ ಹಚ್ಚಿ ನೋಡಿದೆ. ಕಿಡಿ ಎರಡು ಡಿಗ್ರಿ ತಡವಾಗಿತ್ತು. ಅಂತರವನ್ನು ಸರಿಪಡಿಸಿ, ಕ್ಯಾಮಿಗೆ ತುಸು ಗ್ರೀಸು ಹಚ್ಚಿ ಮುಚ್ಚಳ ಹಾಕಿದೆ.